ಇಂಜಿನ್ ಬದಲಾದ ಗಾಡಿ

 

ಇಂದಿನ ಧಮ್ಮ ಚಿಂತನೆಗೆ ನನ್ನ ಗ್ಯಾರೇಜಿನದೇ ಒಂದು ವಿಷಯ.

ಒಂದು ಎಂಜಿಎ ಕಾರು ರಿಪೇರಿಗೆ ಬಂದಿತ್ತು. 1955ರಿಂದ 1962ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ, ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಇಂಜಿನ್ ಬ್ಲಾಕ್ ಬಿರುಕು ಬಿಟ್ಟಿತ್ತು. ಮೊದಲ ಎಂಜಿಎಗಳ ಇಂಜಿನ್ 1489 ಸಿಸಿ. ನಮ್ಮ ಹಳೇ ಅಂಬಾಸಿಡರ್‌ನ ಪೆಟ್ರೋಲ್ ಇಂಜಿನ್ನೂ 1489 ಸಿಸಿ. ಎರಡೂ ಬಿಎಂಸಿ ಬಿ-ಸೀರೀಸ್. ಟ್ಯಾಕ್ಸಿ ಎಳೆದದ್ದೂ ಸಾಹುಕಾರರ ಸ್ಪೋರ್ಟ್ಸ್ ಕಾರು ಎಳೆದದ್ದೂ ಒಂದೇ ತಾಯಿ ಮಕ್ಕಳು!

ಒಂದು ಅಂಬಾಸಿಡರ್ ಇಂಜಿನ್ ತಂದು ಬೋರ್, ಬೇರಿಂಗ್ ನೋಡಿ ಕಟ್ಟಿದೆ. ಹಳೇ ಇಂಜಿನ್ನಿನ ಮುಂದಿನ ಪ್ಲೇಟು, ಗೇರ್‌ಬಾಕ್ಸ್ ಕೂರುವ ಹಿಂದಿನ ಪ್ಲೇಟು ಬಿಚ್ಚಿ ಇದಕ್ಕೆ ಹಾಕಿದೆ. ಎಂಜಿಎಯ ಜೋಡಿ ಎಸ್‌ಯು ಕಾರ್ಬ್ಯುರೇಟರ್ ಕೂರಿಸಿದೆ. ಚೈನ್ ಬ್ಲಾಕಿನಲ್ಲಿ ಇಳಿಸುವಾಗ ಮಾತ್ರ ಉಸಿರು ಬಿಗಿಹಿಡಿಯಬೇಕು. ಗೇರ್‌ಬಾಕ್ಸ್ ಶಾಫ್ಟು ಕ್ಲಚ್ ಪ್ಲೇಟಿನ ಹಲ್ಲಿಗೆ ನೇರವಾಗಿ ಹೋಗಬೇಕು, ಇಂಜಿನ್ನಿನ ಭಾರ ಅದರ ಮೇಲೆ ಬಿದ್ದರೆ ಪ್ಲೇಟು ಸೊಟ್ಟ. ಫೌಂಡೇಶನ್ ರಬ್ಬರ್‌ಗಳನ್ನು, "ಇನ್ನೂ ನಡೆಯುತ್ತೆ" ಅಂತ, ಹಳೆಯವನ್ನೇ ಬಿಟ್ಟೆ.

ಸ್ಟಾರ್ಟ್ ಆಯಿತು. ಮಾಲೀಕರಿಗೆ ಖುಷಿಯಿಲ್ಲ. "ಒರಿಜಿನಲ್ ನಂಬರ್ ಹೋಯ್ತಲ್ಲಪ್ಪ, ಇನ್ನು ಇದು ಎಂಜಿಎ ಹೇಗಾಗುತ್ತೆ?" ಅಂದರು. ಹೊಸ ಇಂಜಿನ್ ನಂಬರನ್ನು ಆರ್‌ಟಿಓದಲ್ಲಿ ಆರ್‌ಸಿಗೆ ಏರಿಸಿದರೆ ಸರ್ಕಾರಕ್ಕೆ ಸಾಕು. ಹಳೇ ಕಾರು ಕೂಡಿಡುವವರಿಗೆ ಸಾಲದು. ಹುಟ್ಟಿದಾಗಿನ ನಂಬರ್ ಇದ್ದರೇ ಅವರಲ್ಲಿ ಬೆಲೆ.

ನನಗೆ ಮಿಲಿಂದ ರಾಜ ನೆನಪಾದ. ರಥದಲ್ಲಿ ಬಂದವನನ್ನು ಭಿಕ್ಷು ನಾಗಸೇನರು ಕೇಳುತ್ತಾರೆ: ರಥ ಅಂದರೆ ಅಚ್ಚೋ? ಚಕ್ರವೋ? ನೊಗವೋ? ಒಂದೂ ಅಲ್ಲ. ಎಲ್ಲ ಕೂಡಿದಾಗ ನಾವು ಇಟ್ಟ ಹೆಸರು ರಥ. ಒಳಗೆ ಬದಲಾಗದೆ ಕೂತ "ಮೂಲ" ಯಾವುದೂ ಇಲ್ಲ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಆತ್ಮದ ನಂಬಿಕೆಯನ್ನು ಧಮ್ಮವಲ್ಲದ್ದರ ಸಾಲಿಗೆ ಸೇರಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ 21ನೆಯದು, ನಮಗಿದು ಹೊಸ ಹುಟ್ಟು ಎನ್ನುತ್ತದೆ. ಆದರೂ ಬೌದ್ಧರು ಅಂದ ಕೂಡಲೇ ಜನ ಕೇಳುತ್ತಾರೆ, "ಅದು ಸರಿ, ಮೂಲತಃ ಯಾರು?" ಮಾಲೀಕರ ಪ್ರಶ್ನೆಯೂ ಅದೇ ಅಂತ ಒಳಗೊಳಗೇ ನಕ್ಕೆ.

ಅದೇ ವಾರ ಕೆಲಸ ಕಲಿಯಲು ಒಬ್ಬ ಹುಡುಗ ಬಂದ. ಫೋನಿನ ಮೇಲೆ ಬಾಬಾಸಾಹೇಬರ ಚಿತ್ರ. ಖುಷಿಯಿಂದ ಜೈ ಭೀಮ್ ಅಂದೆ. ಮರುಮಾತಿಗೇ ಕೇಳಿಬಿಟ್ಟೆ, "ನೀವು ಎಡಗೈಯೋ, ಬಲಗೈಯೋ?"

"ನಾವು ಬೌದ್ಧರು ಅಣ್ಣ."

"ಅದು ಗೊತ್ತಪ್ಪ, ಮೊದಲು?"

ಹುಡುಗ ಉತ್ತರ ಕೊಡಲಿಲ್ಲ. ಸ್ಪ್ಯಾನರ್ ಒರೆಸುತ್ತಾ ನಿಂತ. ಒಳಮೀಸಲಾತಿಯ ಲೆಕ್ಕ ಬೇರೆ, ಅದು ಹಕ್ಕಿನ ಪ್ರಶ್ನೆ. ನಾನು ಕೇಳಿದ್ದು ಅದಕ್ಕಲ್ಲ. ಅವನನ್ನು ಎಷ್ಟು ಹತ್ತಿರ ಸೇರಿಸಬೇಕು ಅಂತ ಅಳೆಯಲು ಕೇಳಿದ್ದು. ದೀಕ್ಷೆ ತಗೊಂಡು ಇಷ್ಟು ವರ್ಷವಾದ ಮೇಲೆ!

ಎರಡು ದಿನಕ್ಕೆ ಕಾರು ವಾಪಸ್ ಬಂತು. ಐಡ್ಲಿಂಗ್‌ನಲ್ಲಿ ಸ್ಟೀರಿಂಗ್‌ವರೆಗೂ ನಡುಕ. ಇಂಜಿನ್ನಿನಲ್ಲಿ ದೋಷವಿರಲಿಲ್ಲ. ಹಳೇ ರಬ್ಬರ್‌ಗಳು ಕಲ್ಲಾಗಿದ್ದವು, ನಡುಕವನ್ನೆಲ್ಲ ನೇರ ಚಾಸಿಗೆ ದಾಟಿಸುತ್ತಿದ್ದವು. ಹುಡುಗ ಜಾಕಿ ಕೊಟ್ಟು ಇಂಜಿನ್ ಎತ್ತಿ ಹಿಡಿದ, ನಾನು ಕೆಳಗೆ ಮಲಗಿ ಬೋಲ್ಟ್ ಬಿಚ್ಚಿದೆ. ಅಲ್ಲಿಂದಲೇ ಹೇಳಿದೆ, "ಮೊನ್ನೆ ಹಾಗೆ ಕೇಳಬಾರದಿತ್ತಪ್ಪ, ತಪ್ಪಾಯ್ತು."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಿಂದಿನ ಬೋಲ್ಟ್ ಇನ್ನೂ ಟೈಟಾಗಿದೆ ಅಣ್ಣ, ನಾನು ಬರ್ತೀನಿ ಇರಿ" ಅಂತ ಪಕ್ಕದಲ್ಲಿ ಬಂದು ಮಲಗಿದ.

ಭವತು ಸಬ್ಬ ಮಂಗಲಂ.