ಕಾಯಕದ ಅಳತೆ



ನಮ್ಮ ಭಕ್ತರೊಬ್ಬರ ಮಗ ಹಗಲು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ರಾತ್ರಿ ಗುಜರಿ ಕಬ್ಬಿಣ ತಂದು ಹೊಸ ಬಗೆಯ ಕೂರಿಗೆ ಮಾಡಲು ಹೆಣಗುತ್ತಾನೆ. ನೌಕರಿ ಬಿಡುತ್ತೇನೆಂದು ಮಗನ ಹಟ, ಕೂರಿಗೆಯನ್ನೇ ಗುಜರಿಗೆ ಹಾಕುತ್ತೇನೆಂದು ತಂದೆಯ ಸಿಟ್ಟು. ಇಬ್ಬರೂ ಮಠಕ್ಕೆ ಬಂದರು.

ಕಿರ್ಲೋಸ್ಕರ ನೇಗಿಲನ್ನು ನಮ್ಮ ರೈತರೆಲ್ಲ ಬಲ್ಲರು. ಲಕ್ಷ್ಮಣರಾವ ಕಿರ್ಲೋಸ್ಕರರು ಮುಂಬಯಿಯಲ್ಲಿ ಶಿಕ್ಷಕರಾಗಿದ್ದು, ಬಿಡುವಿನಲ್ಲಿ ಯಂತ್ರಗಳ ಕೆಲಸ ಕಲಿತವರು. ಬೆಳಗಾವಿಯ ಸೈಕಲ್ ಅಂಗಡಿ, ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಗುಲಿದರೆ ಮಣ್ಣು ಕೆಡುತ್ತದೆಂದು ರೈತರು ಮೊದಲು ಅದನ್ನು ಕೊಳ್ಳಲಿಲ್ಲ. ಅವರು ತಾಳಿದರು. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಆದ್ದರಿಂದ ಹಂಬಲ ತಪ್ಪಲ್ಲ.

ಆದರೆ ಅಳತೆ ಬೇಕು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ತಾಯಿ ಹೆಚ್ಚಿನದನ್ನು ಮರಳಿ ಸುರಿದು ಬರಲು ಹೇಳಿದರು. ಧಣಿಯ ಗದ್ದುಗೆಯಲ್ಲಿ ಕುಳಿತು ಕೂರಿಗೆಯ ನಕ್ಷೆ ಬರೆದರೆ ಅದೂ ಹೆಚ್ಚಿನ ಅಕ್ಕಿಯೇ. ಹುಡುಗ ತಲೆ ತಗ್ಗಿಸಿದ.

ಲೆಕ್ಕ ಬಲ್ಲವನಿಗೆ ಲೆಕ್ಕದಲ್ಲೇ ಹೇಳಿದೆ: 'ತಮ್ಮಾ, ಹಗಲು ಧಣಿಯ ಖಾತೆಗೆ, ಸಂಜೆ ಮನೆಯ ಖಾತೆಗೆ, ಉಳಿದದ್ದು ನಿನ್ನ ಖಾತೆಗೆ. ಸಾಲ ತೆಗೆದು ಕಬ್ಬಿಣ ಕೊಳ್ಳಬೇಡ. ಎರಡು ಹಂಗಾಮು ನೆರೆಯವರ ಹೊಲದಲ್ಲಿ ಬಿತ್ತಿ ತೋರಿಸು. ಅವರೇ ಬಂದು ಬೆಲೆ ಕೇಳಿದ ದಿನ ನೌಕರಿಯ ಮಾತಾಡೋಣ.'

ತಂದೆಗೂ ಒಂದು ಮಾತು: 'ಯಜಮಾನರೇ, ದನದ ಕೊಟ್ಟಿಗೆಯಲ್ಲಿ ಒಂದು ಮೂಲೆ ಬಿಟ್ಟುಕೊಡಿ.'

ಕೊಟ್ಟಿದ್ದಾರೆ.