ಅತಿಥಿಗೊಂದು ಬೇರೆ ಜಾಲ

ಮನೆಗೆ ಬಂದವರಿಗೆ ನೀರು ಕೊಟ್ಟ ಬಳಿಕ ವೈಫೈಯ ಪಾಸ್‌ವರ್ಡನ್ನೂ ಕೊಡುವುದು ಈಗಿನ ಸತ್ಕಾರದ ಒಂದು ಅಂಗವಾಗಿರುವುದಷ್ಟೆ. ಒಂದೇ ಆಕ್ಸೆಸ್ ಪಾಯಿಂಟಿನಿಂದ ಎರಡು ಹೆಸರುಗಳ ಜಾಲಗಳನ್ನು ಹೊರಡಿಸಿ, ಒಂದನ್ನು ಮನೆಯವರಿಗೂ ಮತ್ತೊಂದನ್ನು ಅತಿಥಿಗಳಿಗೂ ಮೀಸಲಿಡುವ ಏರ್ಪಾಡು ಬಂದಿರುವುದು. ಇದು ಬಂದವರಲ್ಲಿ ಅವಿಶ್ವಾಸವನ್ನು ತೋರಿದಂತಲ್ಲವೇ ಎಂದು ಸಜ್ಜನರು ಕೆಲವರು ಆಕ್ಷೇಪಿಸುವರು. ಈ ಆಕ್ಷೇಪವು ಹಗುರವಾಗಿ ತಳ್ಳಿಹಾಕತಕ್ಕುದಲ್ಲ.

ಮೊದಲು ಏರ್ಪಾಡಿನ ಸ್ವರೂಪವನ್ನು ನೋಡೋಣ. ಒಂದೇ ಜಾಲದಲ್ಲಿರುವ ಯಂತ್ರಗಳು ಸಾಮಾನ್ಯವಾಗಿ ಒಂದನ್ನೊಂದು ನೇರವಾಗಿ ಮುಟ್ಟಬಲ್ಲವು. ಪ್ರಿಂಟರು, ಬಾಗಿಲ ಮೇಲಣ ಕ್ಯಾಮೆರಾ, ಲೆಕ್ಕಪತ್ರಗಳಿರುವ ಕಂಪ್ಯೂಟರು ಇವೆಲ್ಲವೂ ಹೊಸದಾಗಿ ಬಂದ ಫೋನಿಗೆ ನೆರೆಹೊರೆಯಾಗುವುವು. ಅತಿಥಿಜಾಲಕ್ಕೆ ಸೇರಿದ ಫೋನಿಗಾದರೋ ಇಂಟರ್ನೆಟ್ಟಿಗೆ ದಾರಿಯುಂಟು, ಮನೆಯೊಳಕ್ಕೆ ಇಲ್ಲ. ಕಚೇರಿಗಳಲ್ಲಿ ಎರಡು ಜಾಲಗಳ ಸಂಚಾರಕ್ಕೂ ವಿಲ್ಯಾನ್ ಎಂಬ ಬೇರೆ ಬೇರೆ ಸಂಖ್ಯೆಯನ್ನು ಹಚ್ಚಿ, ಒಂದೇ ತಂತಿಯಲ್ಲಿ ಹರಿಸಿ, ನಡುವೆ ಫೈರ್‌ವಾಲಿನ ಕಾವಲನ್ನಿಡುವರು. ಕೆಲವು ರೂಟರುಗಳನ್ನು ಬರಿಯ ಆಕ್ಸೆಸ್ ಪಾಯಿಂಟಾಗಿ ನಡೆಯಿಸಿದಾಗ ಎರಡನೆಯ ಹೆಸರು ಮಾತ್ರ ಉಳಿದು ನಡುವಣ ಗೋಡೆಯೇ ಮಾಯವಾಗುವುದುಂಟು. ಆದುದರಿಂದ ಹೆಸರನ್ನಿಟ್ಟು ನಿಶ್ಚಿಂತರಾಗುವ ಮೊದಲು, ಅತಿಥಿಜಾಲದಿಂದ ಒಳಗಿನ ಪ್ರಿಂಟರು ಸಿಕ್ಕುವುದೇ ಎಂದು ಒಮ್ಮೆ ಪರೀಕ್ಷಿಸುವುದು ಲೇಸು.

ಇನ್ನು ಅವಿಶ್ವಾಸದ ಮಾತು. ಮಿತ್ರನ ಶೀಲವನ್ನು ನಂಬುವುದು ಬೇರೆ, ಆತನ ಜೇಬಿನಲ್ಲಿರುವ ಯಂತ್ರವನ್ನು ನಂಬುವುದು ಬೇರೆ. ಅದರಲ್ಲಿ ಏನೇನು ಸೇರಿಕೊಂಡಿರುವುದೆಂಬುದನ್ನು ಮಿತ್ರನೇ ಅರಿಯನು. ಬಂದವರ ಯೋಗ್ಯತೆಯನ್ನು ಮನಸ್ಸಿನಲ್ಲೇ ತೂಗಿ ಕೆಲವರಿಗೆ ಪಾಸ್‌ವರ್ಡು ಕೊಟ್ಟು ಕೆಲವರಿಗೆ ನೆವ ಹೇಳುವುದಕ್ಕಿಂತ, ಏನನ್ನೂ ಕೇಳದೆ ಎಲ್ಲರಿಗೂ ಕೊಡಬಹುದಾದ ಜಾಲವೊಂದಿರುವುದು ಹೆಚ್ಚು ಮರ್ಯಾದೆಯೆಂದು ನನಗೆ ತೋರುವುದು.

ಹಳೆಯ ಮನೆಗಳ ಜಗಲಿ, ಪಡಸಾಲೆ, ನಡುಮನೆಗಳನ್ನು ಇದಕ್ಕೆ ದೃಷ್ಟಾಂತವಾಗಿ ಕೊಡುವವರುಂಟು. ದೃಷ್ಟಾಂತವು ಸೊಗಸಾಗಿಯೇ ಇದೆ. ಆದರೆ ಹುಟ್ಟಿದ ಜಾತಿಯ ಕಾರಣದಿಂದಲೇ ಜಗಲಿಯ ಕೆಳಗೆ ನಿಲ್ಲಬೇಕಾದವರಿಗೆ ಅದು ಹೇಗೆ ಕೇಳಿಸೀತು? ಅಳಿಯನ ಫೋನು ಪರಿಶೀಲನೆಯಿಲ್ಲದೆ ಒಳಜಾಲಕ್ಕೂ, ಅಡಿಗೆ ಮಾಡಿಕೊಡಲು ಬರುವಾಕೆಯ ಫೋನು ಅತಿಥಿಜಾಲಕ್ಕೂ ಹೋಗುವುದಾದರೆ, ಹಳೆಯ ಜಗಲಿಯನ್ನೇ ಗಾಳಿಯಲ್ಲಿ ಕಟ್ಟಿದಂತಾಗುವುದು. ಒಳಗಣ ಯಂತ್ರಗಳಿಂದ ಯಾರಿಗೆ ಏನು ಕೆಲಸವಿದೆಯೆಂಬುದೇ ಅಳತೆಯಾಗಬೇಕು. ಆ ಅಳತೆಯಲ್ಲಿ ಅಳಿಯನೂ ಹೊರಗಿನವನೇ!

ಇದಕ್ಕಿಂತಲೂ ವಿಚಿತ್ರವೊಂದಿದೆ. ಮೂವತ್ತು ವರ್ಷದ ಸ್ನೇಹಿತನನ್ನು ಹೊರಗಿಡುವ ನಾವು, ತಯಾರಿಸಿದವರಾರೆಂದು ತಿಳಿಯದ ಅಗ್ಗದ ಕ್ಯಾಮೆರಾವನ್ನು ಒಂದು ಪ್ರಶ್ನೆಯನ್ನೂ ಕೇಳದೆ ಒಳಜಾಲದಲ್ಲಿ ಕೂರಿಸುವೆವು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು, ಕಾರ್ಖಾನೆಯವರು ಇಟ್ಟ ಪಾಸ್‌ವರ್ಡನ್ನು ಬದಲಿಸದೆ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದ ಲಕ್ಷಾಂತರ ಕ್ಯಾಮೆರಾ, ರೂಟರು ಮೊದಲಾದವುಗಳನ್ನು ವಶಪಡಿಸಿಕೊಂಡಿತು. ಅದೇ ವರ್ಷದ ಅಕ್ಟೋಬರ್ 21ರಂದು ಅಂತಹ ಯಂತ್ರಗಳ ದಂಡೊಂದು ಅಮೆರಿಕದ ಡೈನ್ ಸಂಸ್ಥೆಯ ಮೇಲೆ ಬಿದ್ದುದರಿಂದ ಟ್ವಿಟರ್ ಮೊದಲಾದ ತಾಣಗಳು ಕೆಲವು ಗಂಟೆಗಳ ಕಾಲ ಬಹುಮಂದಿಗೆ ದೊರಕದೆ ಹೋದುವು. ಆ ಕ್ಯಾಮೆರಾಗಳ ಒಡೆಯರಲ್ಲಿ ಎಷ್ಟು ಮಂದಿ ಅತಿಥಿಗಳನ್ನು ಶಂಕಿಸಿದ್ದರೋ! ಇಂತಹ ವಸ್ತುಗಳಿಗೂ ಬೇರೆ ಜಾಲವೇ ತಕ್ಕುದು.

ಆತಿಥೇಯನಿಗೂ ಹೊಣೆಯುಂಟು. ಅತಿಥಿಗಳ ಯಂತ್ರಗಳು ಒಂದನ್ನೊಂದು ಮುಟ್ಟದಂತೆ ಪ್ರತ್ಯೇಕಿಸುವ ಏರ್ಪಾಡನ್ನೂ ಆತನು ಮಾಡಬೇಕು. ಅವರು ಯಾವ ತಾಣಗಳಿಗೆ ಹೋದರೆಂದು ರೂಟರಿನಲ್ಲಿ ಇಣುಕಬಾರದು.

ಬಂದ ನೆಂಟರು ಮಗಳ ಮದುವೆಯ ಕರೆಯೋಲೆಯನ್ನು ನಮ್ಮ ಪ್ರಿಂಟರಿನಲ್ಲಿ ತೆಗೆಯಬೇಕೆಂದರೆ ಮಾಡುವುದೇನು? ಗೋಡೆಯಲ್ಲಿ ಕಿಂಡಿ ಕೊರೆಯಬೇಕಾದುದಿಲ್ಲ. ಓಲೆಯನ್ನು ನಮ್ಮ ಫೋನಿಗೆ ತರಿಸಿಕೊಂಡು, ನಾವೇ ಎದ್ದು ಮುದ್ರಿಸಿ, ಅವರ ಕೈಗೆ ಕೊಡಬಹುದು.