ಬೆಳಕಿಗೆ ಮಿತಿ, ನೆರಳಿಗೆ ಮರ್ಯಾದೆ

ಬಣ್ಣದ ಕ್ಯಾಮೆರಾದಲ್ಲಿ ತೆಗೆದ ಚಿತ್ರವನ್ನು ಒಂದೇ ಗುಂಡಿ ಒತ್ತಿ ಕಪ್ಪು ಬಿಳುಪಾಗಿಸಬಹುದು. ಬೇಡವೆನಿಸಿದರೆ ಮರುಕ್ಷಣವೇ ಬಣ್ಣ ಮರಳಿ ಬರುತ್ತದೆ. ಎಲ್ಲವೂ ಇಷ್ಟು ಸಲೀಸಾಗಿರುವ ಕಾಲದಲ್ಲಿ, ಬಣ್ಣವನ್ನು ಗುರುತಿಸಲಾರದ ಡಿಜಿಟಲ್ ಕ್ಯಾಮೆರಾವನ್ನೇ ಬೇಕೆಂದು ತಯಾರಿಸುವವರಿದ್ದಾರೆ. ಹೆಚ್ಚು ಬೆಲೆ ತೆತ್ತು ಕೊಳ್ಳುವವರೂ ಇದ್ದಾರೆ. 2012ರಲ್ಲಿ ಲೈಕಾ ತನ್ನ ಎಂ ಮೊನೊಕ್ರೋಮ್ ಕ್ಯಾಮೆರಾವನ್ನು ಹೊರತಂದಿತು. 2023ರಲ್ಲಿ ಪೆಂಟಾಕ್ಸ್ ಕೂಡ ಅದೇ ಹಾದಿ ಹಿಡಿಯಿತು. ಇರುವುದನ್ನು ಬಿಟ್ಟುಕೊಡುವುದಕ್ಕೂ ಹಣ ತೆರಬೇಕೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಸಹಜವೇ. ಆದರೆ ಬಿಟ್ಟದ್ದರ ಲೆಕ್ಕವನ್ನಷ್ಟೇ ಬರೆದು ಉಳಿದದ್ದರ ಲೆಕ್ಕವನ್ನು ಬರೆಯದಿದ್ದರೆ, ನಾವು ಆ ತ್ಯಾಗವನ್ನು ಅರ್ಥ ಮಾಡಿಕೊಂಡಂತೆ ಆಗುವುದೇ?

ಉಳಿದದ್ದು ಕಡಿಮೆಯೇನಲ್ಲ. ನಮ್ಮೆಲ್ಲರ ಕೈಯಲ್ಲಿರುವ ಕ್ಯಾಮೆರಾಗಳ ಸೆನ್ಸರ್ ಮೇಲೆ ಕೆಂಪು, ಹಸಿರು, ನೀಲಿ ಫಿಲ್ಟರುಗಳ ಒಂದು ಚೌಕುಳಿ ಹಾಸು ಇರುತ್ತದೆ. ಕೊಡ್ಯಾಕ್ ಕಂಪನಿಯ ಬ್ರೈಸ್ ಬೇಯರ್ ರೂಪಿಸಿ, 1976ರಲ್ಲಿ ಪೇಟೆಂಟ್ ಪಡೆದ ಹಾಸು ಅದು. ಅದರಡಿಯಲ್ಲಿ ಪ್ರತಿ ಬಿಂದುವೂ ಮೂರು ಬಣ್ಣಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ; ಉಳಿದೆರಡನ್ನು ನೆರೆಯ ಬಿಂದುಗಳ ಸಾಕ್ಷ್ಯದಿಂದ ಊಹಿಸಿ ತುಂಬಲಾಗುತ್ತದೆ. ಏಕವರ್ಣದ ಕ್ಯಾಮೆರಾದಲ್ಲಿ ಆ ಹಾಸನ್ನೇ ತೆಗೆದುಹಾಕಿದ್ದಾರೆ. ಫಿಲ್ಟರುಗಳು ನುಂಗುತ್ತಿದ್ದ ಬೆಳಕು ಒಳಗೆ ಬರುತ್ತದೆ, ಪ್ರತಿ ಬಿಂದುವೂ ತನ್ನ ಮೇಲೆ ಬಿದ್ದದ್ದನ್ನು ತಾನೇ ಅಳೆದು ತಾನೇ ಹೇಳುತ್ತದೆ. ವಿವರಗಳು ಹರಿತವಾಗುತ್ತವೆ, ಮಬ್ಬುಗತ್ತಲಲ್ಲೂ ಚಿತ್ರ ಸ್ವಚ್ಛವಾಗಿ ಉಳಿಯುತ್ತದೆ. ಎಲ್ಲವನ್ನೂ ಹೇಳಲು ಹೊರಟಾಗ ಅರ್ಧ ಊಹೆಯಾಗುತ್ತಿದ್ದ ಮಾತು, ಒಂದನ್ನೇ ಹೇಳಲು ಒಪ್ಪಿದಾಗ ಪೂರ್ತಿ ಅನುಭವದ ಮಾತಾಗುತ್ತದೆ. ಬದುಕಿನಲ್ಲಿಯೂ ಇದು ನಿಜವಲ್ಲವೇ?

ಇಂತಹ ಕ್ಯಾಮೆರಾದ ಚಿತ್ರವನ್ನು ಎಡಿಟಿಂಗ್‌ಗೆ ತೆರೆದು ಕೂತಾಗ ಮೊದಲು ತಿಳಿಯುವುದು ಏನು ಇಲ್ಲ ಎಂಬುದು. ಬಿಳಿಯ ಸಮತೋಲವನ್ನು (ವೈಟ್ ಬ್ಯಾಲೆನ್ಸ್) ತಿದ್ದುವ ಗುಂಡಿ ಅಲ್ಲಿ ಕೆಲಸಕ್ಕೆ ಬಾರದು. ಕೆಂಪನ್ನು ತಿಳಿಯಾಗಿಸಿ ನೀಲಿಯನ್ನು ಗಾಢವಾಗಿಸುವ ಸೌಲಭ್ಯವೂ ಇಲ್ಲ. ಹಸಿರೆಲೆಗಳ ನಡುವಿನ ಕೆಂಪು ದಾಸವಾಳವನ್ನೇ ನೋಡೋಣ. ಬಣ್ಣ ಕಳೆದ ಮೇಲೆ ಹೂವು ಎಲೆ ಎರಡೂ ಹೆಚ್ಚುಕಡಿಮೆ ಒಂದೇ ಬೂದು ಛಾಯೆಗೆ ಇಳಿದುಬಿಡಬಹುದು. ಬಣ್ಣದ ಫೈಲ್ ಆಗಿದ್ದರೆ ಕೂತಲ್ಲೇ ಹೂವನ್ನು ಬೆಳಗಿಸಬಹುದಿತ್ತು. ಇಲ್ಲಿ ಆ ತೀರ್ಮಾನ ಗಿಡದ ಮುಂದೆ ನಿಂತಾಗಲೇ ಆಗಬೇಕು. ಲೆನ್ಸಿಗೆ ಕೆಂಪು ಫಿಲ್ಟರ್ ಹಾಕಿದರೆ ಹೂವು ಬೆಳಗುತ್ತದೆ, ಹಸಿರು ಹಾಕಿದರೆ ಎಲೆ ಬೆಳಗಿ ಹೂವು ಕಪ್ಪಾಗುತ್ತದೆ. ಆಮೇಲೆ ನೋಡಿಕೊಳ್ಳೋಣ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

1927ರಲ್ಲಿ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯ ಎದುರು ನಿಂತ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಕಂಡುಕೊಂಡದ್ದೂ ಇದನ್ನೇ. ಹಳದಿ ಫಿಲ್ಟರಿನಲ್ಲಿ ಒಂದು ಗಾಜಿನ ಪ್ಲೇಟು ತೆಗೆದಾದ ಮೇಲೆ, ತನ್ನೊಳಗೆ ಎದ್ದ ಗಂಭೀರ ಭಾವ ಆ ಚಿತ್ರದಲ್ಲಿ ಬಂದಿರಲಾರದು ಎಂದು ಅವರಿಗೆ ಅನ್ನಿಸಿತು. ಉಳಿದಿದ್ದ ಕೊನೆಯ ಪ್ಲೇಟಿಗೆ ಕಡುಗೆಂಪು ಫಿಲ್ಟರ್ ಹಾಕಿದರು. ಆಕಾಶ ಕಪ್ಪಾಯಿತು, ಬಂಡೆ ಎದ್ದು ನಿಂತಿತು. ತಿದ್ದುಪಡಿ ಚಿತ್ರ ತೆಗೆದ ಮೇಲೆ ಶುರುವಾಗುವ ಕೆಲಸ ಎಂದು ನಾವು ತಿಳಿದಿರುತ್ತೇವೆ. ಅದು ಶುರುವಾಗುವುದು ಕಣ್ಣಿನಲ್ಲಿ, ಇನ್ನೂ ಹಿಂದಕ್ಕೆ ಹೋದರೆ ಮನಸ್ಸಿನಲ್ಲಿ. ಮೊದಲೇ ಯೋಚಿಸಿದವನಿಗೆ ಆಮೇಲೆ ಮಾಡಬೇಕಾದದ್ದು ಸ್ವಲ್ಪವೇ ಇರುತ್ತದೆ. ಆದರೆ ಆ ಸ್ವಲ್ಪದಲ್ಲಿ ಅವನು ಪೂರ್ತಿ ತೊಡಗಬಲ್ಲ.

ಹಾಗೆ ತೊಡಗಿದವರ ಮುಂದೆ ಮೊದಲು ಬರುವುದು ಸಪ್ಪೆಯಾದ ಒಂದು ಚಿತ್ರ. ಕಪ್ಪಿಗೆ ಗಾಢತೆಯಿಲ್ಲ, ಬಿಳುಪಿಗೆ ಮಿಂಚಿಲ್ಲ, ಎಲ್ಲೆಡೆ ಬೂದು. ಥಟ್ಟನೆ ಕಾಂಟ್ರಾಸ್ಟ್ ಏರಿಸಿ ಕಣ್ಣಿಗೆ ಹೊಡೆಯುವಂತೆ ಮಾಡೋಣ ಎನ್ನಿಸುವುದು ಸಹಜ. ಆದರೆ ಆ ಬೂದಿನೊಳಗೆ ಎಷ್ಟು ಸಂಪತ್ತಿದೆ! ಹದಿನಾಲ್ಕು ಬಿಟ್‌ನ ಒಂದು ಕಚ್ಚಾ (ರಾ) ಫೈಲಿನಲ್ಲಿ ಕಡುಗಪ್ಪಿನಿಂದ ಅಚ್ಚ ಬಿಳುಪಿನವರೆಗೆ 16,384 ಮೆಟ್ಟಿಲುಗಳಿಗೆ ಅವಕಾಶವಿದೆ. ನಾವು ದಿನವೂ ನೋಡುವ ಜೆಪೆಗ್ ಚಿತ್ರದಲ್ಲಿ ಇರುವುದು 256. ಕಾಂಟ್ರಾಸ್ಟನ್ನು ಏರಿಸುತ್ತ ಹೋದಂತೆ ನಡುವಿನ ಮೆಟ್ಟಿಲುಗಳು ಒಂದೊಂದಾಗಿ ಎರಡು ತುದಿಗಳಿಗೆ ಜಾರುತ್ತವೆ. ನಾವು ಮನುಷ್ಯರನ್ನು ನೋಡುವ ಬಗೆಯೂ ಹಲವು ಸಲ ಹೀಗೆಯೇ ಅಲ್ಲವೇ? ಒಳ್ಳೆಯವರು ಕೆಟ್ಟವರು, ನಮ್ಮವರು ಹೊರಗಿನವರು ಎಂದು ಎರಡು ತುದಿಗಳಿಗೆ ತಳ್ಳಿಬಿಟ್ಟರೆ ಚಿತ್ರ ಬಲು ಖಡಕ್ಕಾಗಿ ಕಾಣುತ್ತದೆ. ಆದರೆ ಬದುಕಿನ ಬಹುಪಾಲು ನಡೆಯುವುದು ನಡುವಿನ ಛಾಯೆಗಳಲ್ಲಿ. ಅವುಗಳನ್ನು ಕಳೆದುಕೊಂಡ ತೀರ್ಪು ಎಷ್ಟು ಸ್ಪಷ್ಟವಾಗಿದ್ದರೂ ನ್ಯಾಯವಾಗಲಾರದು.

ಈಗ ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿರುವ ಅಜ್ಜಿ. ನೆತ್ತಿಯ ನರೆಗೂದಲಿನ ಮೇಲೆ ಬೆಳಗಿನ ಬಿಸಿಲು ನೇರವಾಗಿ ಬಿದ್ದಿದೆ. ಬಾಗಿದ ಮುಖ ಸೂರಿನ ನೆರಳಿನಲ್ಲಿದೆ. ಮುಖ ಚೆನ್ನಾಗಿ ಕಾಣಲಿ ಎಂದು ಬೆಳಕನ್ನು ಹೆಚ್ಚು ಬಿಟ್ಟರೆ ಕೂದಲು ಸುಟ್ಟು ಒಂದು ಬಿಳಿ ಕಲೆಯಾಗುತ್ತದೆ. ಕೂದಲಿನ ಎಳೆಗಳನ್ನು ಉಳಿಸಿಕೊಂಡರೆ ಮುಖ ಕತ್ತಲಲ್ಲಿ ಮುಳುಗುತ್ತದೆ. ಯಾವುದನ್ನು ಕಾಯಬೇಕು?

ಏಕವರ್ಣದ ಕ್ಯಾಮೆರಾ ಬಲ್ಲವರ ಉತ್ತರ ಒಂದೇ: ಬೆಳಕನ್ನು ಕಾಯಬೇಕು. ಬಣ್ಣದ ಕ್ಯಾಮೆರಾದಲ್ಲಿ ಕೆಂಪು ತುಂಬಿ ಹರಿದರೂ ಹಸಿರೋ ನೀಲಿಯೋ ಒಂದಿಷ್ಟು ವಿವರವನ್ನು ಹಿಡಿದಿಟ್ಟಿರಬಹುದು. ಅದರ ಆಸರೆಯಿಂದ ಕೊಂಚ ಸರಿಪಡಿಸಬಹುದು. ಇಲ್ಲಿ ಇರುವುದು ಒಂದೇ ದಾಖಲೆ. ಅದು ತುಂಬಿ ಹರಿದರೆ ಅಲ್ಲಿ ಇನ್ನೇನೂ ಇಲ್ಲ, ಯಾವ ಎಡಿಟಿಂಗ್‌ನಿಂದಲೂ ಅದು ಬಾರದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದು ಇಂತಹ ನಷ್ಟವನ್ನೇ. ಆದರೆ ನೆರಳು ಹಾಗಲ್ಲ. ಕತ್ತಲೆಂದು ತೋರಿದ ಕಡೆ ಮೆಲ್ಲಗೆ ಬೆಳಕನ್ನು ಏರಿಸುತ್ತ ಹೋದರೆ ಅಜ್ಜಿಯ ಮೂಗುಬೊಟ್ಟು ಕಾಣುತ್ತದೆ, ಹಣೆಯ ಗೆರೆಗಳು ಕಾಣುತ್ತವೆ, ಅವರೆಕಾಯಿಯ ಸೊಗಡು ಅಂಟಿದ ಹೆಬ್ಬೆರಳ ಉಗುರೂ ಕಾಣುತ್ತದೆ. ಏನೂ ಇಲ್ಲವೆಂದುಕೊಂಡಲ್ಲಿ ಎಲ್ಲವೂ ಇತ್ತು. ಅತಿಯಾಗಿ ಮಿಂಚಿದ್ದು ಬರಿದಾಗುತ್ತದೆ, ಮರೆಯಲ್ಲಿದ್ದದ್ದು ಕಾದು ಉಳಿಯುತ್ತದೆ. ಎಂತಹ ಸಮಾಧಾನದ ಸತ್ಯ ಇದು! ಎದ್ದು ಕಾಣುವುದನ್ನು ಇನ್ನಷ್ಟು ಬೆಳಗಿಸುವ ಆತುರದಲ್ಲಿರುವ ನಮಗೆ, ಬೆಳಗುವುದಕ್ಕೂ ಒಂದು ಮಿತಿ ಬೇಕೆಂದು ಇಷ್ಟು ನೇರವಾಗಿ ಬೇರೆ ಯಾವುದು ಹೇಳೀತು?

ಆದರೆ ನೆರಳನ್ನು ತೆರೆಯಬಲ್ಲೆವು ಎಂದ ಮಾತ್ರಕ್ಕೆ ಎಲ್ಲಿಯವರೆಗೆ ತೆರೆಯಬೇಕು ಎಂಬ ಪ್ರಶ್ನೆ ಮುಗಿಯುವುದಿಲ್ಲ. ನಿಜವಾದ ಪರೀಕ್ಷೆ ಶುರುವಾಗುವುದೇ ಅಲ್ಲಿ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಏರಿಸುತ್ತ ಹೋದರೆ ಒಂದು ಹಂತದಲ್ಲಿ ಅಜ್ಜಿ ಬೆಳ್ಳಗಾಗಿಬಿಡುತ್ತಾಳೆ, ಮತ್ತು ಬೇರೆ ಯಾರೋ ಆಗಿಬಿಡುತ್ತಾಳೆ. ಮದುವೆಗೆ ತೋರಿಸುವ ಫೋಟೋ, ಸ್ವಲ್ಪ ಬೆಳ್ಳಗೆ ಮಾಡಿಕೊಡಿ ಎಂದು ಸ್ಟುಡಿಯೋಗಳಲ್ಲಿ ಕೇಳುವುದು ನಮ್ಮ ಸಮಾಜಕ್ಕೆ ಹೊಸತಲ್ಲ. ಎಷ್ಟು ಹೆಣ್ಣುಮಕ್ಕಳು ತಮ್ಮದಲ್ಲದ ಮೈಬಣ್ಣದಲ್ಲಿ ಬೇರೆಯವರ ಮನೆಯ ಮೇಜಿನ ಮೇಲೆ ಕೂತು ಬಂದಿಲ್ಲ? ಕಪ್ಪು ಬಿಳುಪಿನ ಚಿತ್ರದಲ್ಲಿ ಈ ತಪ್ಪು ಇನ್ನೂ ಸುಲಭ, ಯಾಕೆಂದರೆ ಬಣ್ಣದ ಸಾಕ್ಷ್ಯವೇ ಅಲ್ಲಿಲ್ಲ. ಬೆರಳು ಒಂದಿಷ್ಟು ಜಾರಿದರೆ ಸಾಕು, ಒಬ್ಬರ ಚರ್ಮದ ಚರಿತ್ರೆಯೇ ಬದಲಾಗುತ್ತದೆ.

ಕಪ್ಪು ಮೈಯ ಚೆಲುವು ಅದರ ಕಪ್ಪಿನಲ್ಲಿಯೇ ಇದೆ ಎಂದು ನಂಬಿದವರು ಬೇರೆ ರೀತಿಯಲ್ಲಿ ಕೆಲಸ ಮಾಡುತ್ತಾರೆ. ನಡುವಿನ ಛಾಯೆಗಳನ್ನು ಇದ್ದ ಗಾಢತೆಯಲ್ಲೇ ಉಳಿಸುತ್ತಾರೆ. ಕೆನ್ನೆಯ ಮೂಳೆ, ಹುಬ್ಬಿನ ಏಣು, ಮೂಗಿನ ತುದಿ ಎಂದು ಬೆಳಕು ತಾನಾಗಿ ಕೂತ ಕಡೆ ಮಾತ್ರ ಅದನ್ನು ಒಂದಿಷ್ಟು ಹೊಳೆಯಿಸುತ್ತಾರೆ. ಆಗ ಮುಖ ಬೆಳ್ಳಗಾಗದೆ ಬೆಳಗುತ್ತದೆ. ಒಬ್ಬರನ್ನು ಕಾಣುವಂತೆ ಮಾಡುವುದಕ್ಕೂ ನಮಗೆ ಬೇಕಾದಂತೆ ಮಾಡಿಕೊಳ್ಳುವುದಕ್ಕೂ ನಡುವೆ ಇರುವ ಗೆರೆ ತೆಳುವಾದದ್ದು. ಮಕ್ಕಳನ್ನು ಬೆಳೆಸುವಾಗ, ಶಿಷ್ಯರನ್ನು ತಿದ್ದುವಾಗ, ಜೊತೆಗಾರರಿಗೆ ಬುದ್ಧಿ ಹೇಳುವಾಗ ನಾವು ಆ ಗೆರೆಯನ್ನು ಎಷ್ಟು ಸಲ ದಾಟಿಲ್ಲ? ಎಲ್ಲಿ ನಿಲ್ಲಬೇಕೆಂದು ತಿಳಿದಿರುವುದು ಕೌಶಲದ ಕೊನೆಯ ಪಾಠ. ಅದು ಪ್ರೀತಿಯ ಮೊದಲ ಪಾಠವೂ ಹೌದು.

ನೆರಳನ್ನು ಪೂರ್ತಿ ಅಳಿಸಬಾರದು ಎಂಬುದಕ್ಕೆ ಇನ್ನೊಂದು ಕಾರಣವಿದೆ. ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರು 1959ರ ‘ಕಾಗಜ್ ಕೆ ಫೂಲ್’ ಹಿಂದಿ ಸಿನಿಮಾಕ್ಕಾಗಿ ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಸ್ಟುಡಿಯೋದೊಳಕ್ಕೆ ಹಾಯಿಸಿ ಕಟ್ಟಿದ ಆ ಬೆಳಕಿನ ಕೋಲನ್ನು ನೋಡಿದವರು ಮರೆಯಲಾರರು. ಮುಂದೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಅವರೇ. ಆ ಕೋಲಿಗೆ ಅಂಥ ಶಕ್ತಿ ಬಂದದ್ದು ಎಲ್ಲಿಂದ? ಸುತ್ತ ಹಬ್ಬಿದ ಕತ್ತಲಿನಿಂದ. ಇಡೀ ಸ್ಟುಡಿಯೋಗೆ ದೀಪ ಹಾಕಿದ್ದರೆ ಅದೇ ಬಿಸಿಲು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಎಡಿಟಿಂಗ್‌ನಲ್ಲಿ ಒಂದು ಮೂಲೆಯನ್ನು ಕೊಂಚ ಕಂದಿಸಿ ಇನ್ನೊಂದನ್ನು ಕೊಂಚ ತೆರೆಯುವಾಗ ನಾವು ಮಾಡುವುದೂ ಇದೇ ಕೆಲಸ. ಡಾರ್ಕ್ ರೂಮಿನ ಕಾಲದಲ್ಲಿ ಹಿಗ್ಗಿಸುವ ದೀಪದಡಿ ಅಂಗೈ ಅಡ್ಡ ಹಿಡಿದು ಮಾಡುತ್ತಿದ್ದದ್ದನ್ನು ಇಂದು ಮೌಸ್ ಹಿಡಿದು ಮಾಡುತ್ತೇವೆ. ಗಮನವನ್ನು ಎಲ್ಲರಿಗೂ ಒಂದೇ ಸಮನಾಗಿ ಹಂಚಿದರೆ ಅದು ಯಾರಿಗೂ ಸಿಕ್ಕಂತಾಗುವುದಿಲ್ಲ. ಒಂದರ ಕಡೆ ಪೂರ್ತಿ ತಿರುಗಬೇಕಾದರೆ ಇನ್ನೊಂದು ಸ್ವಲ್ಪ ಹೊತ್ತು ಹಿಂದೆ ಸರಿಯಬೇಕು. ಹಿಂದೆ ಸರಿದದ್ದಕ್ಕೂ ಮರ್ಯಾದೆ ಇದೆ, ಯಾಕೆಂದರೆ ಮುಂದಿರುವುದನ್ನು ಎತ್ತಿ ಹಿಡಿದಿರುವುದು ಅದೇ.

ಹೀಗೆ ತಿದ್ದುವುದು ಸುಳ್ಳಲ್ಲವೇ ಎಂದು ಕೇಳುವವರಿದ್ದಾರೆ. ಊರೊಂದರ ಮೇಲೆ ಚಂದ್ರ ಮೂಡುವುದನ್ನು ತೋರುವ ಆಡಮ್ಸ್ ಅವರ ‘ಮೂನ್‌ರೈಸ್, ಹೆರ್ನಾಂಡಿಸ್’ ಚಿತ್ರದ ಕಥೆ ಇದಕ್ಕೆ ಉತ್ತರ ಕೊಡಬಲ್ಲದು. 1941ರ ಆ ಸಂಜೆ ಬೆಳಕು ಅಳೆಯುವ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಹೊಳಪು ಎಷ್ಟೆಂಬುದು ನೆನಪಿನಲ್ಲಿತ್ತು. ಅದನ್ನೇ ಆಧಾರವಾಗಿಟ್ಟುಕೊಂಡು ಒಂದು ನೆಗೆಟಿವ್ ತೆಗೆದರು. ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಸಮಾಧಿಯ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ಚಂದ್ರ ಸುಡದೆ ಉಳಿದ, ಊರು ಮಾತ್ರ ತೆಳುವಾಗಿ ಮೂಡಿತ್ತು. ಆ ತೆಳುವಾದ ಭಾಗವನ್ನು ಅವರು 1948ರಲ್ಲಿ ರಾಸಾಯನಿಕದಿಂದ ಗಟ್ಟಿಗೊಳಿಸಿದರು. ಮುಂದೆ ದಶಕಗಳ ಕಾಲ ಅದೇ ನೆಗೆಟಿವ್‌ನಿಂದ ಮುದ್ರಿಸುತ್ತ ಹೋದರು. ಮೊದಮೊದಲ ಮುದ್ರಣಗಳಲ್ಲಿ ತಿಳಿಯಾಗಿ, ಮೋಡಗಳಿಂದ ಕೂಡಿದ್ದ ಆಕಾಶ ಕೊನೆಕೊನೆಗೆ ಹೆಚ್ಚುಕಡಿಮೆ ಕಪ್ಪಾಯಿತು. ಪಿಯಾನೋ ಕಲಿತಿದ್ದ ಆಡಮ್ಸ್, ನೆಗೆಟಿವ್ ಸ್ವರಲಿಪಿ ಇದ್ದಂತೆ, ಮುದ್ರಣ ಅದರ ವಾದನದಂತೆ ಎಂದು ನಂಬಿದ್ದರು. ಹಾಗಾದರೆ ಯಾವ ಮುದ್ರಣ ನಿಜ? ಆ ಸಂಜೆ ನಿಜ, ಬಿದ್ದ ಬೆಳಕು ನಿಜ. ಅದನ್ನು ವರ್ಷ ವರ್ಷಕ್ಕೂ ಹೊಸದಾಗಿ ಅರಿಯುತ್ತ ಹೋದ ಮನಸ್ಸೂ ಅಷ್ಟೇ ನಿಜ. ಸುಳ್ಳು ಹುಟ್ಟುವುದು ಇಲ್ಲದ್ದನ್ನು ಇದೆಯೆಂದು ತೋರಿಸಿದಾಗ, ಇದ್ದವರನ್ನು ಇಲ್ಲದಂತೆ ಮಾಡಿದಾಗ.

ಹಳೆಯ ಫೈಲುಗಳನ್ನು ಮತ್ತೆ ತೆರೆದು ನೋಡುವವರಿಗೆ ಇದು ಗೊತ್ತು. ಅಂಕಿಗಳು ಬದಲಾಗಿರುವುದಿಲ್ಲ, ನೋಡುವವರು ಬದಲಾಗಿರುತ್ತಾರೆ. ಹರೆಯದಲ್ಲಿ ಬೇಡವೆಂದು ಕಪ್ಪಾಗಿಸಿದ ಮೂಲೆ ಮಾಗಿದ ಕಣ್ಣಿಗೆ ಮುಖ್ಯವಾಗುತ್ತದೆ. ನಮ್ಮ ಕಳೆದ ದಿನಗಳಿಗೂ ನಾವು ಕೊಡಬಹುದಾದ ನ್ಯಾಯ ಇದೇ ಅಲ್ಲವೇ? ಆದದ್ದನ್ನು ಅಳಿಸಲಾರೆವು, ಆಗದ್ದನ್ನು ಸೇರಿಸಲಾರೆವು. ಆದರೆ ಯಾರನ್ನು ನೆರಳಿನಲ್ಲೇ ಬಿಟ್ಟುಬಂದೆವು, ಯಾವ ಮಾತನ್ನು ಅತಿಯಾಗಿ ಬೆಳಗಿಸಿ ಸುಟ್ಟೆವು ಎಂದು ಮರಳಿ ನೋಡಬಲ್ಲೆವು.

ಬಣ್ಣ ಬಿಟ್ಟ ಕ್ಯಾಮೆರಾ ಎಲ್ಲರಿಗೂ ಬೇಕಿಲ್ಲ. ಬಣ್ಣವೂ ಲೋಕದ ಸತ್ಯವೇ. ಬೇಕಾದದ್ದು ಅದು ಕಲಿಸುವ ಶಿಸ್ತು. ಮೊದಲು ಯೋಚಿಸಿ ಒಂದನ್ನು ಬಿಡುವುದು, ಬಿಟ್ಟದ್ದಕ್ಕೆ ಹಲುಬದೆ ಉಳಿದದ್ದರಲ್ಲಿ ಪೂರ್ತಿ ತೊಡಗುವುದು, ಮರಳಿ ಬಾರದ್ದನ್ನು ಮೊದಲು ಕಾಯುವುದು, ಮರೆಯಲ್ಲಿರುವವರನ್ನು ಅವರ ಬಣ್ಣ ಕೆಡದಂತೆ ಮುಂದಕ್ಕೆ ತರುವುದು. ಪರದೆಯ ಮುಂದೆ ಕೂತು ಇಷ್ಟನ್ನು ಅಭ್ಯಾಸ ಮಾಡಿದ ಕೈ, ಮನುಷ್ಯರ ನಡುವೆ ಎದ್ದು ಬಂದಾಗಲೂ ಅದನ್ನು ಮರೆಯದಿದ್ದರೆ, ಆ ವಿದ್ಯೆ ಸಾರ್ಥಕ.